ಪ್ಲೇಗಿನ ಕಾಲದ ವದಂತಿಗಳೂ ಅವುಗಳ ನಿವಾರಣೋಪಾಯಗಳೂ

೧

ಹಿಂದೂದೇಶದಲ್ಲಿ ಕ್ರಿ. ಶ. ೧೮೯೬ ರಲ್ಲಿ ತಲೆದೋರಿ ಮುಂದಿನ ಮೂರು ದಶಕಗಳಲ್ಲಿ ಒಂದು ಕೋಟಿಗೆ ಮೇಲ್ಪಟ್ಟು ಜನರನ್ನು ಆಹುತಿ ತೆಗೆದುಕೊಂಡ ಪ್ಲೇಗುರೋಗದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿದಿದ್ದಾರೆ. ಸರ್ಕಾರದ ವರದಿಗಳನ್ನು ಅನುಸರಿಸಿದವರು, ವೈದ್ಯರು ಜನರ ಪ್ರಾಣವನ್ನು ಉಳಿಸಲು ಶ್ರಮಪಟ್ಟರೆಂದೂ ಅಜ್ಞರಾದ ಜನರು ಗಾಳಿಮಾತುಗಳನ್ನು ನಂಬಿ ಆ ಪ್ರಯತ್ನಕ್ಕೆ ಅಡ್ಡಬಂದರೆಂದೂ ಹೇಳುತ್ತಾರೆ. ದೇಶೀಯ ಪತ್ರಿಕೆಗಳನ್ನು ಆಧಾರವಾಗಿ ಇಟ್ಟುಕೊಂಡವರು, ಸರ್ಕಾರದ ದಬ್ಬಾಳಿಕೆಯೇ ಎಲ್ಲ ಕಷ್ಟಕ್ಕೂ ಮೂಲವೆಂದೂ ವದಂತಿಗಳು ಆ ದಬ್ಬಾಳಿಕೆಯ ನೆರಳುಗಳೆಂದೂ ವಾದಿಸುತ್ತಾರೆ. ಎರಡು ಪಕ್ಷಗಳಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಒಂದು ಮುಖ್ಯವಾದ ಪ್ರಶ್ನೆಯನ್ನು ಬಿಟ್ಟುಬಿಡುತ್ತವೆ. ಸುಳ್ಳುಸುದ್ದಿಗಳು ಅಷ್ಟು ಪ್ರಬಲವಾಗಿ ಹಬ್ಬಿದ ಮೇಲೆಯೂ ಕೆಲವು ಊರುಗಳಲ್ಲಿ, ಕೆಲವು ಸಮಾಜಗಳಲ್ಲಿ ಸಾವಿರಾರು ಜನರು ತಾವಾಗಿಯೇ ಮುಂದೆ ಬಂದು ಚುಚ್ಚುಮದ್ದನ್ನು ಹಾಕಿಸಿಕೊಂಡರು. ಅಲ್ಲಿ ಸುಳ್ಳನ್ನು ಅಳಿಸಿದುದು ಯಾವುದು? ಉಳಿದೆಡೆಗಳಲ್ಲಿ ಅದು ಅಳಿಯದೆ ಹೋದುದೇಕೆ?

ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ವದಂತಿಯೂ ಪ್ರಾಣವನ್ನು ಕಳೆಯಬಲ್ಲುದೆಂಬುದು ಆ ಕಾಲದ ಅನುಭವದಿಂದ ಸಿದ್ಧವಾಗಿದೆ. ಆದುದರಿಂದ ೧೮೯೬ ರಿಂದ ೧೯೦೭ ರವರೆಗಿನ ಸಂಗತಿಗಳನ್ನು ಮುಂಬಯಿ, ಪುಣೆ, ಹುಬ್ಬಳ್ಳಿ, ಮೈಸೂರು ಸೀಮೆ, ಕಲ್ಕತ್ತೆ, ಪಂಜಾಬುಗಳಿಂದ ಆಯ್ದು ಕ್ರಮವಾಗಿ ಪರಿಶೀಲಿಸುವುದು ಉಚಿತವಾಗಿದೆ.

೨

೧೮೯೬ ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಬಂದರಿಗೆ ಸಮೀಪದಲ್ಲಿರುವ ಮಾಂಡವಿ ಎಂಬ ಕೇರಿಯಲ್ಲಿ ವಿಚಿತ್ರವಾದ ಜ್ವರದಿಂದ ಜನರು ಸಾಯುತ್ತಿದ್ದರು. ತೊಡೆಯ ಸಂದಿನಲ್ಲಿಯೋ ಕಂಕುಳಲ್ಲಿಯೋ ಗಡ್ಡೆಯೆದ್ದು, ಕೆಲವೇ ದಿನಗಳಲ್ಲಿ ರೋಗಿಯು ಪ್ರಾಣವನ್ನು ಬಿಡುತ್ತಿದ್ದನು. ಅಕಾಸಿಯೊ ಗೇಬ್ರಿಯಲ್ ವೀಗಸ್ ಎಂಬ ಗೋವೆಯ ಮೂಲದ ವೈದ್ಯರು ಇದು ಪ್ಲೇಗೆಂದು ಮೊದಲು ಗುರುತಿಸಿದರು. ಈ ರೋಗದ ಕ್ರಿಮಿಯನ್ನು ಕೇವಲ ಎರಡು ವರ್ಷಗಳ ಹಿಂದೆ, ೧೮೯೪ ರಲ್ಲಿ, ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿಯು ಕಂಡುಹಿಡಿದಿದ್ದನು. ಕ್ರಿಮಿಯು ತಿಳಿದಿತ್ತು, ಅದು ಒಬ್ಬರಿಂದೊಬ್ಬರಿಗೆ ಹರಡುವ ಬಗೆ ತಿಳಿದಿರಲಿಲ್ಲ. ಮುಂದೆ ನಡೆದುದನ್ನು ಅರ್ಥಮಾಡಿಕೊಳ್ಳಲು ಈ ಅಂಶವು ಮುಖ್ಯವಾದುದು.

ಅಕ್ಟೋಬರ್ ೬ ನೆಯ ತಾರೀಖು ನಗರದ ಮುನಿಸಿಪಲ್ ಕಮಿಷನರನು ಒಂದು ಪ್ರಕಟನೆಯನ್ನು ಹೊರಡಿಸಿದನು. ಅದರ ಪ್ರಕಾರ ಅಧಿಕಾರಿಗಳು ಸೋಂಕು ತಗಲಿದ ಮನೆಗಳನ್ನು ಹೊಕ್ಕು ಶುದ್ಧಿಮಾಡಬಹುದಾಗಿತ್ತು. ರೋಗಿಗಳನ್ನು ಬಲಾತ್ಕಾರದಿಂದಲಾದರೂ ಆಸ್ಪತ್ರೆಗೆ ಸಾಗಿಸಬಹುದಾಗಿತ್ತು. ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ ಹೋದವರಲ್ಲಿ ಬಹುಮಂದಿ ಹಿಂದಿರುಗಲಿಲ್ಲ. ಕಾರಣವು ಸ್ಪಷ್ಟವೇ ಆಗಿತ್ತು: ರೋಗವು ಕೈಮೀರಿದ ಮೇಲೆ ಅವರನ್ನು ಅಲ್ಲಿಗೆ ಒಯ್ಯುತ್ತಿದ್ದರು, ರೋಗಕ್ಕೆ ಆಗ ಔಷಧವೂ ಇರಲಿಲ್ಲ. ಆದರೆ ಜನರಿಗೆ ಕಂಡುದು ಬೇರೆ. ಜೀವಂತನಾಗಿ ಹೋದ ಮನುಷ್ಯನು ಬಾಗಿಲು ಮುಚ್ಚಿದ ಕಟ್ಟಡದೊಳಗೆ ಸೇರುತ್ತಿದ್ದನು. ಹೊರಗೆ ಬರುತ್ತಿದ್ದುದು ಹೆಣ. ಒಳಗೆ ಏನು ನಡೆಯುವುದೆಂಬುದನ್ನು ಅವರಿಗೆ ಹೇಳಿದವರಾರೂ ಇರಲಿಲ್ಲ.

ಹೇಳದೆ ಬಿಟ್ಟ ಜಾಗವನ್ನು ವದಂತಿಯು ತುಂಬಿಕೊಂಡಿತು. ಆಸ್ಪತ್ರೆಯಲ್ಲಿ ರೋಗಿಗಳನ್ನು ತಲೆಕೆಳಗಾಗಿ ತೂಗಹಾಕಿ ದೇಹದಿಂದ ಮೊಮಿಯಾಯಿ ಎಂಬ ಔಷಧವನ್ನು ಇಳಿಸುವರೆಂದು ಜನರು ಆಡಿಕೊಂಡರು. ಅದೇ ಅಕ್ಟೋಬರಿನಲ್ಲಿ ಯಾರೋ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಡಾಂಬರು ಬಳಿದು ಅವಮಾನಮಾಡಿದ್ದರು. ಅದರಿಂದ ಕೋಪಗೊಂಡ ರಾಣಿಯು ಪ್ರಾಯಶ್ಚಿತ್ತವಾಗಿ ಪ್ರಜೆಗಳ ಒಳ ಅಂಗಗಳನ್ನು ಕೇಳಿರುವಳೆಂದೂ ಆಸ್ಪತ್ರೆಯಲ್ಲಿ ಅವನ್ನು ಕೊಯ್ದು ಕಳುಹಿಸುತ್ತಿರುವರೆಂದೂ ಮತ್ತೊಂದು ಸುದ್ದಿ ಹುಟ್ಟಿತು. ಅಕ್ಟೋಬರ್ ೨೯ ರಂದು ಸುಮಾರು ಒಂದು ಸಾವಿರ ಗಿರಣಿಯ ಕೂಲಿಕಾರರು ಗುಂಪುಗೂಡಿ ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಬಿದ್ದರು. ಮರುದಿನವೇ ಕಮಿಷನರನು ತನ್ನ ಪ್ರಕಟನೆಯನ್ನು ಸಡಿಲಗೊಳಿಸಬೇಕಾಯಿತು. ಅಷ್ಟರಲ್ಲಿ ಊರು ಖಾಲಿಯಾಗತೊಡಗಿತ್ತು. ೧೮೯೭ ರ ಫೆಬ್ರವರಿಯ ವೇಳೆಗೆ ಎಂಟೂವರೆ ಲಕ್ಷದಷ್ಟಿದ್ದ ನಗರವಾಸಿಗಳಲ್ಲಿ ನಾಲ್ಕು ಲಕ್ಷದಷ್ಟು ಜನರು ಮುಂಬಯಿಯನ್ನು ಬಿಟ್ಟು ಹೋಗಿದ್ದರು. ಅವರು ಹೋದ ದಾರಿಯಲ್ಲೆಲ್ಲ ರೋಗವೂ ಹೋಯಿತು, ಸುದ್ದಿಯೂ ಹೋಯಿತು.

೩

ಈ ವದಂತಿಗಳನ್ನು ಒಟ್ಟುಗೂಡಿಸಿ ನೋಡಿದರೆ ಅವು ಮನಬಂದಂತೆ ಹುಟ್ಟಿದವಲ್ಲವೆಂಬುದು ಗೊತ್ತಾಗುತ್ತದೆ. ಅವುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯ ವರ್ಗದವು ದೇಹಕ್ಕೆ ಸಂಬಂಧಿಸಿದವು: ಆಸ್ಪತ್ರೆಯಲ್ಲಿ ಅಂಗಗಳನ್ನು ಕೊಯ್ಯುವರು, ಹೆಣವನ್ನು ಕೆಡಿಸುವರು ಎಂಬಂಥವು. ಎರಡನೆಯವು ವಿಷಕ್ಕೆ ಸಂಬಂಧಿಸಿದವು: ಜನಸಂಖ್ಯೆ ಹೆಚ್ಚಿತೆಂದು ಸರ್ಕಾರವೇ ಬಾವಿಗಳಿಗೂ ರೊಟ್ಟಿಗೂ ವಿಷ ಬೆರೆಸುವುದೆಂಬಂಥವು. ಮೂರನೆಯವು ಚುಚ್ಚುಮದ್ದಿಗೆ ಸಂಬಂಧಿಸಿದವು. ಸೂಜಿಯು ಒಂದು ಗಜ ಉದ್ದವಾಗಿರುವುದು, ಚುಚ್ಚಿಸಿಕೊಂಡವನು ಕೂಡಲೇ ಸಾಯುವನು, ಇಲ್ಲವೆ ಆರು ತಿಂಗಳು ಬದುಕಿ ಆಮೇಲೆ ಬೀಳುವನು, ಗಂಡಸರು ಪುಂಸ್ತ್ವವನ್ನು ಕಳೆದುಕೊಳ್ಳುವರು, ಹೆಂಗಸರು ಬಂಜೆಯರಾಗುವರು, ಜಿಲ್ಲೆಯ ಡೆಪ್ಯುಟಿ ಕಮಿಷನರನೇ ಚುಚ್ಚಿಸಿಕೊಂಡು ಅರ್ಧ ಗಂಟೆಯಲ್ಲಿ ಒದ್ದಾಡಿ ಸತ್ತನು ಎಂಬ ಸುದ್ದಿಗಳು ಪಂಜಾಬಿನಲ್ಲಿ ಹಬ್ಬಿದ್ದುವೆಂದು ಅಲ್ಲಿಯ ಅಧಿಕಾರಿಗಳೇ ಬರೆದಿಟ್ಟಿದ್ದಾರೆ.

ಈ ಒಂದೊಂದು ಸುಳ್ಳಿನ ಬುಡದಲ್ಲಿಯೂ ಒಂದೊಂದು ನಿಜವಿತ್ತು. ಹೆಣಗಳನ್ನು ಪರೀಕ್ಷಿಸಿದ ಹೊರತು ಸಂಸ್ಕಾರಕ್ಕೆ ಬಿಡುತ್ತಿರಲಿಲ್ಲವೆಂಬುದು ಅನೇಕ ಕಡೆಗಳಲ್ಲಿ ನಿಜ. ರೈಲು ನಿಲ್ದಾಣಗಳಲ್ಲಿ ಗಂಡಸರಾದ ವೈದ್ಯರು ಎಲ್ಲರ ಎದುರಿನಲ್ಲಿ ಹೆಂಗಸರ ಕಂಕುಳನ್ನೂ ತೊಡೆಯ ಸಂದನ್ನೂ ಮುಟ್ಟಿ ನೋಡಿದ್ದು ನಿಜ. ಚುಚ್ಚುಮದ್ದಿನಿಂದ ಒಂದೆರಡು ದಿನ ಜ್ವರವೂ ನೋವೂ ಊತವೂ ಬರುತ್ತಿದ್ದುದು ನಿಜ. ಅದನ್ನು ಹಾಕಿಸಿಕೊಳ್ಳುವುದಕ್ಕೆ ಮೊದಲೇ ಪ್ಲೇಗು ತಗಲಿದ್ದವರು ಹಾಕಿಸಿಕೊಂಡ ಮೇಲೆ ಸತ್ತದ್ದೂ ನಿಜ. ನೋಡಿದವರು ಎರಡು ಸಂಗತಿಗಳನ್ನು ಕೂಡಿಸಿ ಕಾರ್ಯಕಾರಣಸಂಬಂಧವನ್ನು ಕಲ್ಪಿಸಿಕೊಂಡರು.

ಇದಲ್ಲದೆ ಅಜ್ಞಾನವು ಜನರ ಕಡೆಯಲ್ಲಿ ಮಾತ್ರ ಇತ್ತೆಂದು ಹೇಳುವುದು ನ್ಯಾಯವಲ್ಲ. ಕೊಳಕಿನಿಂದಲೂ ಮನುಷ್ಯಸಂಪರ್ಕದಿಂದಲೂ ಪ್ಲೇಗು ಹರಡುವುದೆಂದು ನಂಬಿ ಅಧಿಕಾರಿಗಳು ಮುಂಬಯಿಯ ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲವನ್ನೂ ಸಮುದ್ರದ ನೀರನ್ನೂ ಹೊಯ್ಯಿಸಿದರು. ಬಡವರ ಬಟ್ಟೆಬರೆಗಳನ್ನು ಸುಡಿಸಿದರು. ಮನೆಗಳ ಹೆಂಚುಗಳನ್ನು ಕೀಳಿಸಿದರು. ಪೋಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ೧೮೯೮ ರ ಜೂನಿನಲ್ಲಿ ಕರಾಚಿಯಲ್ಲಿ ಪ್ರಯೋಗಮಾಡಿ, ಸತ್ತ ಇಲಿಯಿಂದ ಬದುಕಿರುವ ಇಲಿಗೆ ರೋಗವನ್ನು ಒಯ್ಯುವುದು ಚಿಗಟವೆಂದು ತೋರಿಸಿದನು. ಆದರೆ ಸರ್ಕಾರವು ನೇಮಿಸಿದ ಪ್ಲೇಗ್ ಕಮಿಷನ್ನು ಈ ಮತವನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ೧೯೦೫ ರಿಂದ ಮುಂದೆ ಮುಂಬಯಿಯಲ್ಲಿ ನಡೆದ ವಿಸ್ತಾರವಾದ ಪ್ರಯೋಗಗಳಿಂದ ಅದು ಸಿದ್ಧಾಂತವಾಗಬೇಕಾಯಿತು. ಇತ್ತ ಹಳ್ಳಿಯ ಜನರು ಮನೆಯಲ್ಲಿ ಇಲಿ ಬಿದ್ದರೆ ಮನೆಯನ್ನು ಬಿಡಬೇಕೆಂಬುದನ್ನು ಯಾವ ಶಾಸ್ತ್ರದ ನೆರವೂ ಇಲ್ಲದೆ ಅನುಭವದಿಂದಲೇ ಕಂಡುಕೊಂಡಿದ್ದರು. ಹೀಗಿರುವಾಗ ‘ಸರ್ಕಾರ ಹೇಳುವುದೆಲ್ಲ ನಿಜ, ಜನ ಹೇಳುವುದೆಲ್ಲ ಸುಳ್ಳು’ ಎಂಬ ನೆಲೆಯ ಮೇಲೆ ನಿಂತು ವದಂತಿಯನ್ನು ಎದುರಿಸಹೊರಟವರಿಗೆ ಕಾಲೂರಲು ಗಟ್ಟಿಯಾದ ನೆಲವೇ ಇರಲಿಲ್ಲ.

೪

ಸುಳ್ಳನ್ನು ಬಲದಿಂದ ಅಡಗಿಸಬಹುದೆಂಬ ನಂಬಿಕೆಯ ಪರೀಕ್ಷೆ ನಡೆದುದು ಪುಣೆಯಲ್ಲಿ. ೧೮೯೭ ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾನೂನು ಅಧಿಕಾರಿಗಳಿಗೆ ಹೆಚ್ಚುಕಡಮೆ ಮೇರೆಯಿಲ್ಲದ ಅಧಿಕಾರವನ್ನು ಕೊಟ್ಟಿತು. ಪುಣೆಯ ಪ್ಲೇಗ್ ಕಮಿಟಿಯ ಅಧ್ಯಕ್ಷನಾದ ವಾಲ್ಟರ್ ಚಾರ್ಲ್ಸ್ ರ‍್ಯಾಂಡನು ಮಾರ್ಚಿ ತಿಂಗಳಿಂದ ಮನೆಗಳ ಶೋಧನೆಗೆ ಗೋರಾ ಸಿಪಾಯಿಗಳನ್ನು ಹಚ್ಚಿದನು. ಅವರಿಗೆ ಜನರ ಭಾಷೆ ತಿಳಿಯದು. ದೇವರ ಕೋಣೆ ಯಾವುದು, ಅಡಿಗೆಯ ಮನೆ ಯಾವುದು ಎಂಬ ವಿವೇಚನೆಯಿಲ್ಲ. ಬಾಲಗಂಗಾಧರ ತಿಲಕರು ತಮ್ಮ ‘ಕೇಸರಿ’ ಪತ್ರಿಕೆಯಲ್ಲಿ ಆರೋಗ್ಯದ ಕ್ರಮಗಳು ಬೇಡವೆಂದು ಹೇಳಲಿಲ್ಲ. ಅವರು ಊರಿನಲ್ಲಿಯೇ ಉಳಿದು ಹಿಂದೂ ಪ್ಲೇಗ್ ಆಸ್ಪತ್ರೆಯನ್ನು ನಡೆಯಿಸಲು ನೆರವಾದರು. ಅವರು ಖಂಡಿಸಿದುದು ಸಿಪಾಯಿಗಳ ನಡತೆಯನ್ನು. ಅದೇ ಊರಿನಲ್ಲಿ ಸಾವಿತ್ರೀಬಾಯಿ ಫುಲೆಯವರು ರೋಗಿಗಳ ಶುಶ್ರೂಷೆಯಲ್ಲಿ ತೊಡಗಿ, ತಮಗೂ ಪ್ಲೇಗು ತಗಲಿ, ೧೮೯೭ ರ ಮಾರ್ಚಿ ೧೦ ರಂದು ತೀರಿಕೊಂಡರು.

ಜೂನ್ ೨೨ ರ ರಾತ್ರಿ, ರಾಣಿಯ ವಜ್ರಮಹೋತ್ಸವದ ದಿನ, ರ‍್ಯಾಂಡನ ಮೇಲೆ ಚಾಪೇಕರ ಸೋದರರು ಗುಂಡು ಹಾರಿಸಿದರು. ಕೆಲವು ದಿನಗಳ ಮೇಲೆ ಅವನು ಸತ್ತನು. ಸರ್ಕಾರವು ತಿಲಕರ ಮೇಲೆ ರಾಜದ್ರೋಹದ ಮೊಕದ್ದಮೆಯನ್ನು ಹೂಡಿ, ಸೆಪ್ಟೆಂಬರಿನಲ್ಲಿ ಅವರಿಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಇದರಿಂದ ವದಂತಿಗಳು ಕಡಮೆಯಾದುವೇ? ಆಗಲಿಲ್ಲ. ೧೮೯೮ ರ ಮಾರ್ಚಿ ೯ ರಂದು ಮುಂಬಯಿಯಲ್ಲಿ, ಒಬ್ಬ ನೇಕಾರನ ಮನೆಯಲ್ಲಿ ಕಾಯಿಲೆ ಬಿದ್ದಿದ್ದ ಹುಡುಗಿಯನ್ನು ಪರೀಕ್ಷಿಸಲು ಹೋದುದೇ ನೆವವಾಗಿ ದೊಡ್ಡ ದೊಂಬಿಯಾಯಿತು. ಎರಡು ವರ್ಷಗಳ ಅನಂತರ, ೧೯೦೦ ರ ಏಪ್ರಿಲ್ ೧೧ ರಂದು, ಕಾನ್ಪುರದಲ್ಲಿ ರೋಗಿಗಳನ್ನು ಬೇರ್ಪಡಿಸಿ ಇಡುತ್ತಿದ್ದ ಶಿಬಿರವನ್ನು ಜನರು ಸುಟ್ಟುಹಾಕಿದರು.

ಬಹಿರಂಗವಾಗಿ ಬರೆಯುವ ಪತ್ರಿಕೆಯ ಬಾಯನ್ನು ಕಟ್ಟಿದರೆ ಸುದ್ದಿಯು ನಿಲ್ಲುವುದಿಲ್ಲ. ಅದು ಸಂತೆಗೂ ಗಿರಣಿಯ ಬಾಗಿಲಿಗೂ ನೀರುಗಟ್ಟೆಗೂ ಹೋಗುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಮಾತಿಗೆ ಉತ್ತರ ಕೊಡಬಹುದು. ನೀರುಗಟ್ಟೆಯ ಮಾತಿಗೆ ಉತ್ತರ ಕೊಡಬೇಕಾದವನು ಅಲ್ಲಿ ಇರುವುದೇ ಇಲ್ಲ.

೫

ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದವರಲ್ಲಿ ಮೊದಲಿಗನು ವಾಲ್ಡೆಮಾರ್ ಹಾಫ್‌ಕಿನ್. ಇವನು ೧೮೬೦ ರಲ್ಲಿ ರಷ್ಯದ ಸಾಮ್ರಾಜ್ಯಕ್ಕೆ ಸೇರಿದ್ದ ಒಡೆಸ್ಸಾ ಪಟ್ಟಣದಲ್ಲಿ ಹುಟ್ಟಿದ ಯೆಹೂದ್ಯನು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸಮಾಡಿ, ವಾಂತಿಭೇದಿಗೆ ಲಸಿಕೆಯನ್ನು ಸಿದ್ಧಪಡಿಸಿ, ೧೮೯೩ ರಲ್ಲಿ ಹಿಂದೂದೇಶಕ್ಕೆ ಬಂದಿದ್ದನು. ೧೮೯೬ ರ ಅಕ್ಟೋಬರಿನಲ್ಲಿ ಮುಂಬಯಿಗೆ ಬಂದು ಗ್ರ್ಯಾಂಟ್ ವೈದ್ಯಕಾಲೇಜಿನ ಒಂದು ಮೂಲೆಯಲ್ಲಿ, ಒಬ್ಬ ಗುಮಾಸ್ತೆ ಮತ್ತು ಮೂವರು ಜವಾನರ ಸಹಾಯದಿಂದ ಕೆಲಸವನ್ನು ಆರಂಭಿಸಿದನು. ಪ್ಲೇಗಿನ ಕ್ರಿಮಿಯನ್ನು ಮಾಂಸದ ಸಾರಿನಲ್ಲಿ ಬೆಳೆಯಿಸಿ, ಅದನ್ನು ಕಾಯಿಸಿ ಕ್ರಿಮಿಗಳನ್ನು ಕೊಂದು, ಕಾರ್ಬಾಲಿಕ್ ಆಮ್ಲವನ್ನು ಸ್ವಲ್ಪ ಬೆರೆಸಿ ಲಸಿಕೆಯನ್ನು ಮಾಡುವುದು ಅವನ ಕ್ರಮವಾಗಿತ್ತು. ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಕ್ರಿಮಿಯು ಅದರಿಂದ ಬಿಳಲುಗಳಂತೆ ಕೆಳಗಿಳಿದು ಹುಲುಸಾಗಿ ಬೆಳೆಯುವುದೆಂದು ಅವನು ಕಂಡುಕೊಂಡನು. ಹಿಂದೂಗಳ ಮತ್ತು ಮುಸಲ್ಮಾನರ ಆಚಾರಕ್ಕೆ ವಿರೋಧವಾಗದಂತೆ ಗೋಮಾಂಸವನ್ನೂ ಹಂದಿಯ ಮಾಂಸವನ್ನೂ ಬಿಟ್ಟು ಆಡಿನ ಮಾಂಸವನ್ನು ಉಪಯೋಗಿಸಿದನು. ಮದ್ದಿನಲ್ಲಿ ನಿಷಿದ್ಧಮಾಂಸವಿದೆಯೆಂಬ ವದಂತಿಗೆ ಇಲ್ಲಿ ಉತ್ತರವಿತ್ತು. ಅದು ಬರಿಯ ಮಾತಿನ ಉತ್ತರವಲ್ಲ. ಪದಾರ್ಥವನ್ನೇ ಬದಲಾಯಿಸಿ ಕೊಟ್ಟ ಉತ್ತರ.

೧೮೯೭ ರ ಜನವರಿ ೧೦ ರಂದು ಹಾಫ್‌ಕಿನನು ಲಸಿಕೆಯನ್ನು ಮೊದಲು ತನಗೆ ತಾನೇ ಚುಚ್ಚಿಸಿಕೊಂಡನು. ಸಾಮಾನ್ಯರಿಗೆ ಕೊಡಬೇಕೆಂದು ನಿಶ್ಚಯಿಸಿದುದಕ್ಕಿಂತ ಹೆಚ್ಚಿನ ಪ್ರಮಾಣವನ್ನು ತೆಗೆದುಕೊಂಡು, ಬಂದ ಜ್ವರವನ್ನೂ ನೋವನ್ನೂ ಗುರುತುಹಾಕಿಕೊಂಡನು. ಅದೇ ತಿಂಗಳ ಕೊನೆಯಲ್ಲಿ ಭೈಖಳಾ ಸೆರೆಮನೆಯೊಳಗೆ ಪ್ಲೇಗು ಹೊಕ್ಕಾಗ, ಒಪ್ಪಿದ ಕೈದಿಗಳಿಗೆ ಲಸಿಕೆಯನ್ನು ಕೊಟ್ಟು, ಕೊಡದವರೊಂದಿಗೆ ಹೋಲಿಸಿ ನೋಡಲಾಯಿತು. ಲಸಿಕೆಯನ್ನು ಪಡೆದವರಲ್ಲಿ ರೋಗವೂ ಮರಣವೂ ಕಡಮೆಯಾಗಿ ಕಂಡುವು.

ಆದರೆ ವಿದೇಶೀಯನಾದ ವಿಜ್ಞಾನಿಯೊಬ್ಬನು ತನ್ನ ಕೊಠಡಿಯಲ್ಲಿ ಏನು ಮಾಡಿಕೊಂಡರೂ ಪೇಟೆಯ ಜನರಿಗೆ ಅದು ಸಾಕ್ಷಿಯಾಗದು. ಆ ಸಾಕ್ಷಿಯನ್ನು ಜನರ ನಡುವೆ ತಂದು ನಿಲ್ಲಿಸಿದವರಲ್ಲಿ ಖೋಜಾ ಸಮಾಜದ ಧರ್ಮಗುರುಗಳಾದ ಮೂರನೆಯ ಆಗಾಖಾನರು ಪ್ರಮುಖರು. ಆಗ ಅವರಿಗೆ ಇಪ್ಪತ್ತರ ಹರೆಯ. ಅವರು ಹಾಫ್‌ಕಿನನನ್ನು ಕರೆಯಿಸಿಕೊಂಡು, ತಮ್ಮ ಅನುಯಾಯಿಗಳು ನೋಡುತ್ತಿರುವಂತೆ ತಾವೇ ಚುಚ್ಚಿಸಿಕೊಂಡರು. ಒಂದು ಸಲವಲ್ಲ, ಮತ್ತೆ ಮತ್ತೆ. ಈ ಸುದ್ದಿಯು ಬೇಗನೆ ಹರಡುವಂತೆಯೂ ನೋಡಿಕೊಂಡರು. ಪ್ರಯೋಗಾಲಯಕ್ಕೆಂದು ತಮ್ಮದೊಂದು ಬಂಗಲೆಯನ್ನೂ ಬಿಟ್ಟುಕೊಟ್ಟರು. ಖೋಜಾ ಜನರಲ್ಲಿ ಸಾವಿರಾರು ಮಂದಿ ಲಸಿಕೆಯನ್ನು ಹಾಕಿಸಿಕೊಂಡರು. ಚುಚ್ಚಿಸಿಕೊಂಡವನು ಕೂಡಲೇ ಸಾಯುವನೆಂಬ ಸುಳ್ಳಿಗೆ, ಚುಚ್ಚಿಸಿಕೊಂಡು ವಾರಗಟ್ಟಲೆ ತಮ್ಮ ನಡುವೆ ಓಡಾಡುತ್ತಿದ್ದ ಗುರುವಿಗಿಂತ ಬೇರೆ ಖಂಡನೆ ಬೇಕಿರಲಿಲ್ಲ.

ಕಲ್ಕತ್ತೆಯಲ್ಲಿ ೧೮೯೮ ರ ಬೇಸಗೆಯಲ್ಲಿ ಪ್ಲೇಗಿನ ಹೆಸರು ಕೇಳಿದ ಮಾತ್ರಕ್ಕೆ ಜನರು ಗುಂಪುಗುಂಪಾಗಿ ಓಡತೊಡಗಿದಾಗ, ಸ್ವಾಮಿ ವಿವೇಕಾನಂದರು ಬಂಗಾಳಿಯಲ್ಲಿಯೂ ಹಿಂದಿಯಲ್ಲಿಯೂ ಒಂದು ವಿಜ್ಞಾಪನೆಯನ್ನು ಸಿದ್ಧಪಡಿಸಿದರು. ಭಯವನ್ನು ಬಿಡಬೇಕು, ಮನೆಯನ್ನೂ ಬಟ್ಟೆಯನ್ನೂ ಚೊಕ್ಕಟವಾಗಿ ಇಟ್ಟುಕೊಳ್ಳಬೇಕು, ಗಾಳಿಮಾತಿಗೆ ಕಿವಿಗೊಡಬಾರದು, ಯಾರಿಗೂ ಬಲವಂತವಾಗಿ ಚುಚ್ಚುವುದಿಲ್ಲ, ಇಷ್ಟವಿದ್ದವರಿಗೆ ಮಾತ್ರ ಚುಚ್ಚುತ್ತಾರೆ ಎಂಬುದು ಅದರ ತಾತ್ಪರ್ಯ. ಆಸ್ಪತ್ರೆಯಲ್ಲಿ ರೋಗಿಗಳ ಜಾತಿಮತಗಳಿಗೂ ಹೆಂಗಸರ ಮರ್ಯಾದೆಗೂ ಕುಂದು ಬಾರದೆಂಬ ಭರವಸೆಯೂ ಅದರಲ್ಲಿತ್ತು. ಮುಂದಿನ ವರ್ಷ ರೋಗವು ಮತ್ತೆ ಕಾಣಿಸಿದಾಗ ರಾಮಕೃಷ್ಣ ಮಿಷನ್ನಿನ ಸಂನ್ಯಾಸಿಗಳೂ ಸೋದರಿ ನಿವೇದಿತೆಯೂ ಕೊಳಕು ಗಲ್ಲಿಗಳಿಗೆ ಹೋಗಿ ಚೊಕ್ಕಟಮಾಡುವ ಕೆಲಸವನ್ನು ನಡೆಯಿಸಿದರು. ವಿಜ್ಞಾಪನೆಯ ಮಾತನ್ನು ಜನರು ನಂಬುವುದಕ್ಕೆ ಈ ಪೊರಕೆಯ ಕೆಲಸವೂ ಒಂದು ಕಾರಣವೆಂದು ಹೇಳಬೇಕು.

೬

ಕನ್ನಡನಾಡಿನ ಮಟ್ಟಿಗೆ ಈ ಚರಿತ್ರೆಯಲ್ಲಿ ಎರಡು ಸ್ಥಳಗಳು ಮುಖ್ಯವಾದುವು: ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ ಮತ್ತು ಮೈಸೂರು ಸಂಸ್ಥಾನ.

ಹುಬ್ಬಳ್ಳಿಯು ಆಗ ಸುಮಾರು ಐವತ್ತು ಸಾವಿರ ಜನರಿದ್ದ ವ್ಯಾಪಾರದ ಪಟ್ಟಣ. ಹತ್ತಿಯ ಪೇಟೆಯೂ ರೈಲ್ವೆಯ ಕಾರ್ಖಾನೆಯೂ ಅಲ್ಲಿದ್ದುವು. ೧೮೯೮ ರಲ್ಲಿ ಅಲ್ಲಿ ಪ್ಲೇಗು ಉಗ್ರವಾಗಿ ಹಬ್ಬಿತು. ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಆ ವರ್ಷದ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಮೂವತ್ತೈದು ಸಾವಿರಕ್ಕೂ ಮೇಲ್ಪಟ್ಟು ಜನರಿಗೆ ಚುಚ್ಚುಮದ್ದು ಹಾಕಲಾಯಿತು. ಒಂದು ಊರಿಗೆ ಊರೇ ಎನ್ನುವಂತೆ ಈ ಲಸಿಕೆಯನ್ನು ಪಡೆದುದು ಆ ಕಾಲದಲ್ಲಿ ಅಪೂರ್ವವಾದ ಸಂಗತಿಯಾಗಿತ್ತು. ಧಾರವಾಡದ ಸೀಮೆಯಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆಯು ಈ ಕಾರ್ಯದಲ್ಲಿ ತೊಡಗಿದ್ದಳು. ಪರಪುರುಷನ ಎದುರಿಗೆ ತೋಳನ್ನು ತೋರಿಸಲೊಲ್ಲದ ಹೆಂಗಸರಿಗೆ ಹೆಂಗಸಾದ ವೈದ್ಯೆಯು ದೊರೆತುದರಿಂದ ಒಂದು ದೊಡ್ಡ ಅಡ್ಡಿಯು ಕಳೆಯಿತು. ಚುಚ್ಚಿಸಿಕೊಂಡವರಿಗೆ ಸರ್ಟಿಫಿಕೇಟು ಕೊಟ್ಟು, ಅದನ್ನು ತೋರಿಸಿದವರನ್ನು ಪ್ರಯಾಣದಲ್ಲಿ ತಡೆದು ನಿಲ್ಲಿಸುವ ನಿರ್ಬಂಧದಿಂದ ಬಿಡುತ್ತಿದ್ದುದೂ ಜನರನ್ನು ಒಲಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ನೆರೆಮನೆಯವನು ಚುಚ್ಚಿಸಿಕೊಂಡು ಉಳಿದುದನ್ನು ಜನರು ಕಣ್ಣಾರೆ ಕಂಡರು.

ಹುಬ್ಬಳ್ಳಿಯ ಉದಾಹರಣೆಗೆ ಮತ್ತೊಂದು ಮುಖವೂ ಉಂಟು. ಅಲ್ಲಿಂದ ಹೊರಟ ಅಂಕೆಗಳು ಲಸಿಕೆಯ ಗುಣವನ್ನು ಬಹಳ ಉಜ್ಜ್ವಲವಾಗಿ ತೋರಿಸಿದುವು. ಪ್ಲೇಗ್ ಕಮಿಷನ್ನು ಅವನ್ನು ಪರಿಶೋಧಿಸಿ, ಲೆಕ್ಕವಿಟ್ಟ ಕ್ರಮದಲ್ಲಿ ದೋಷಗಳಿವೆಯೆಂದು ತೋರಿಸಿತು. ಲಸಿಕೆಯಿಂದ ರೋಗವೂ ಮರಣವೂ ಗಣನೀಯವಾಗಿ ಕಡಮೆಯಾಗುವುವು, ಆದರೆ ರಕ್ಷಣೆಯು ಪೂರ್ಣವಾದುದಲ್ಲ ಎಂಬ ಮಿತವಾದ ತೀರ್ಮಾನಕ್ಕೆ ಬಂದಿತು. ಇದು ಗಮನಿಸತಕ್ಕ ಮಾತು. ಒಳ್ಳೆಯ ಉದ್ದೇಶದಿಂದಲೇ ಆದರೂ ಅತಿಯಾಗಿ ಹೇಳಿದ ಮಾತು ಮುಂದೆ ವದಂತಿಗೆ ಎಡೆಮಾಡಿಕೊಡುತ್ತದೆ. ಚುಚ್ಚಿಸಿಕೊಂಡವನಿಗೆ ಪ್ಲೇಗು ಬರುವುದೇ ಇಲ್ಲವೆಂದು ಹೇಳಿಬಿಟ್ಟರೆ, ಬಂದ ಒಂದೊಂದು ಸಲವೂ ಹೇಳಿದವನು ಸುಳ್ಳುಗಾರನಾಗುತ್ತಾನೆ.

ಬೆಂಗಳೂರಿಗೆ ಪ್ಲೇಗು ಬಂದುದು ೧೮೯೮ ರ ಆಗಸ್ಟಿನಲ್ಲಿ, ಹುಬ್ಬಳ್ಳಿಯ ಕಡೆಯಿಂದ ರೈಲಿನ ಮೂಲಕ. ಆಗ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರವರು. ರೋಗನಿವಾರಣೆಯ ಕಾರ್ಯವನ್ನು ವಿ. ಪಿ. ಮಾಧವರಾಯರಿಗೆ ವಹಿಸಿ ಅವರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಲಾಯಿತು. ದೇಶೀಯ ಸಂಸ್ಥಾನವಾದುದರಿಂದ ಇಲ್ಲಿ ಜನರಿಗೂ ಅಧಿಕಾರಿಗಳಿಗೂ ವಿರೋಧವೇ ಉಂಟಾಗಲಿಲ್ಲವೆಂದು ಭಾವಿಸುವುದು ತಪ್ಪು. ಮೊದಲು ಮೊದಲು ಮುಂಬಯಿಯ ಮಾದರಿಯನ್ನೇ ಇಲ್ಲಿಯೂ ಅನುಸರಿಸಿದುದರಿಂದ ಅಸಮಾಧಾನವು ಬೆಳೆದು, ೧೮೯೮ ರ ನವೆಂಬರಿನಲ್ಲಿ ಶ್ರೀರಂಗಪಟ್ಟಣಕ್ಕೆ ಸೇರಿದ ಗಂಜಾಮಿನಲ್ಲಿ ದೊಂಬಿಯಾಯಿತು. ಆದರೆ ಕ್ರಮೇಣ ಇಲ್ಲಿ ನೆಲೆಗೊಂಡ ಪದ್ಧತಿಯು ಬೇರೆಯಾಗಿತ್ತು. ಇಲಿ ಬಿದ್ದೊಡನೆ ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದು ಜನರಿಗೆ ವಾಡಿಕೆಯಾಯಿತು. ಸಿಪಾಯಿಯು ಬಂದು ಹೊರಡಿಸಬೇಕಾದ ಅವಶ್ಯಕತೆ ತಪ್ಪಿತು. ಮಳೆಯಲ್ಲಿಯೂ ಚಳಿಯಲ್ಲಿಯೂ ತಿಂಗಳುಗಟ್ಟಲೆ ಗುಡಿಸಲಿನಲ್ಲಿ ಇರುವ ಕಷ್ಟವು ಸಣ್ಣದಲ್ಲ. ಆದರೂ ಜನರು ಅದನ್ನು ಸಹಿಸಿದರು. ಬಿಡುವುದರ ಪ್ರಯೋಜನವು ಅವರ ಅನುಭವಕ್ಕೆ ಬಂದಿತ್ತು; ಮನೆಯ ಬೀಗದ ಕೈಯೂ ಅವರ ಕೈಯಲ್ಲಿಯೇ ಇತ್ತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಎಂಬ ಬಡಾವಣೆಗಳು ವಿಶಾಲವಾದ ಬೀದಿಗಳೊಡನೆ ಬೆಳೆದುದೂ ಈ ಪ್ಲೇಗಿನ ಫಲವೇ. ಇದರೊಂದಿಗೇ ಜನರು ಪ್ಲೇಗಮ್ಮನಿಗೆ ಗುಡಿಗಳನ್ನು ಕಟ್ಟಿ ಪೂಜೆಯನ್ನೂ ಸಲ್ಲಿಸಿದರು. ಪೂಜೆಯು ಗುಡಿಸಲಿಗೆ ಹೋಗುವುದಕ್ಕೆ ಅಡ್ಡಿಯಾಗಲಿಲ್ಲ. ನಂಬಿಕೆಯೆಲ್ಲವನ್ನೂ ಮೂಢತನವೆಂದು ಹಳಿದು ಕಿತ್ತುಹಾಕಿದ ಹೊರತು ಆರೋಗ್ಯವನ್ನು ಕಾಪಾಡಲಾಗದೆಂಬ ವಾದಕ್ಕೆ ಇದು ತಕ್ಕ ಪ್ರತ್ಯುತ್ತರವಾಗಿದೆ.

೭

ಇಂಥ ಅನುಭವಗಳು ಕೊನೆಗೆ ಸರ್ಕಾರದ ನೀತಿಯನ್ನೂ ತಿದ್ದಿದುವು. ೧೮೯೮ ರಿಂದ ೧೯೦೦ ರವರೆಗಿನ ಅವಧಿಯಲ್ಲಿ ಬಲಾತ್ಕಾರದ ಶೋಧನೆ, ಹೆಣಗಳ ಪರೀಕ್ಷೆ, ರೋಗಿಗಳನ್ನು ಎಳೆದೊಯ್ಯುವುದು ಮೊದಲಾದುವು ಒಂದೊಂದಾಗಿ ಸಡಿಲವಾದುವು. ಮುಂಬಯಿಯಲ್ಲಿ ಜನರಲ್ ಗೇಟೇಕರನ ಪ್ಲೇಗ್ ಕಮಿಟಿಯು ೧೮೯೭ ರಲ್ಲಿಯೇ ಒಂದೊಂದು ಜಾತಿಮತದ ಮುಖಂಡರನ್ನು ಕರೆದು, ಅವರವರ ಸಮಾಜಕ್ಕೆ ಅವರವರೇ ಆಸ್ಪತ್ರೆಯನ್ನು ಏರ್ಪಡಿಸಿಕೊಳ್ಳಲು ಅವಕಾಶಕೊಟ್ಟಿತ್ತು. ತಮ್ಮವರೇ ನಡೆಯಿಸುವ ಆಸ್ಪತ್ರೆಯಲ್ಲಿ, ತಮ್ಮವರೇ ಅಡಿಗೆಮಾಡಿ ಬಡಿಸುವ ಕಡೆಯಲ್ಲಿ, ಬಂಧುಗಳು ಬಂದು ನೋಡಿಹೋಗಬಹುದಾದಾಗ, ಗುಂಡಿಗೆಯನ್ನು ಕೀಳುವರೆಂಬ ವದಂತಿಯು ಬಾಳುವುದು ಕಷ್ಟ. ವಾಯವ್ಯ ಪ್ರಾಂತಗಳಲ್ಲಿಯೂ ಕಾನ್ಪುರದ ದೊಂಬಿಯ ಮೇಲೆ ಲೆಫ್ಟಿನೆಂಟ್ ಗವರ್ನರನಾದ ಮ್ಯಾಕ್‌ಡೊನೆಲನು ನಿರ್ಬಂಧಗಳನ್ನು ಇಳಿಸಿದನು. ಮೊದಲು ಅಪಾಯವೆಂದು ತೋರಿದ ಈ ಸಡಿಲಿಕೆಯಿಂದ ದೊಂಬಿಗಳು ನಿಂತುವು. ರೋಗವು ನಿಲ್ಲಲಿಲ್ಲವೆಂಬುದೂ ನಿಜ. ಚಿಗಟದ ರಹಸ್ಯವು ಬಯಲಾಗುವ ತನಕ ಯಾವ ಕ್ರಮವೂ ಅದನ್ನು ಬುಡಸಹಿತ ಕೀಳುವಂತಿರಲಿಲ್ಲ.

೮

ನಂಬಿಕೆಯು ಎಷ್ಟು ಕಷ್ಟದಿಂದ ಬೆಳೆಯುವುದು, ಎಷ್ಟು ಬೇಗ ಮುರಿಯುವುದು ಎಂಬುದಕ್ಕೆ ಮುಲ್ಕೋವಾಲದ ದುರಂತಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ೧೯೦೨ ರಲ್ಲಿ ಪಂಜಾಬಿನಲ್ಲಿ ಲಕ್ಷಗಟ್ಟಲೆ ಜನರಿಗೆ ಲಸಿಕೆ ಹಾಕುವ ದೊಡ್ಡ ಪ್ರಯತ್ನವು ನಡೆದಿತ್ತು. ಅಕ್ಟೋಬರ್ ೩೦ ರಂದು ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ೧೦೭ ಜನರಿಗೆ ಚುಚ್ಚಲಾಯಿತು. ಒಂದು ವಾರದೊಳಗಾಗಿ ಅವರಲ್ಲಿ ೧೯ ಜನರಿಗೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತು ಜನರೂ ಸತ್ತರು. ಅವರೆಲ್ಲರಿಗೂ ಒಂದೇ ಶೀಶೆಯಿಂದ ಮದ್ದನ್ನು ತೆಗೆದಿತ್ತು. ಉಳಿದ ಶೀಶೆಗಳಿಂದ ಪಡೆದವರಲ್ಲಿ ಯಾರಿಗೂ ಇಂಥ ಅಪಾಯವಾಗಲಿಲ್ಲ.

ಚುಚ್ಚಿಸಿಕೊಂಡವನು ಸಾಯುವನೆಂಬ ಸುಳ್ಳು ಇಲ್ಲಿ ಒಂದು ದಿನದ ಮಟ್ಟಿಗೆ, ಒಂದು ಹಳ್ಳಿಯ ಮಟ್ಟಿಗೆ ನಿಜವಾಗಿಬಿಟ್ಟಿತು. ಪಂಜಾಬಿನ ಜನರು ಹಿಂದೆಗೆದರು. ಲಸಿಕೆಯ ಕಾರ್ಯವು ಕುಸಿಯಿತು. ಈ ಸಂದರ್ಭದಲ್ಲಿ ಸರ್ಕಾರದ ಮುಂದೆ ಎರಡು ದಾರಿಗಳಿದ್ದುವು: ತಪ್ಪು ಎಲ್ಲಿ ಆಯಿತೆಂಬುದನ್ನು ಬೇಗನೆ ಶೋಧಿಸಿ ಬಹಿರಂಗವಾಗಿ ತಿಳಿಸುವುದು, ಅಥವಾ ವಿಚಾರಣೆಯನ್ನು ಒಳಗೊಳಗೇ ನಡೆಯಿಸಿ ಯಾರನ್ನಾದರೂ ಹೊಣೆಮಾಡುವುದು. ಸರ್ಕಾರವು ಎರಡನೆಯದನ್ನು ಹಿಡಿಯಿತು. ವಿಚಾರಣಾ ಮಂಡಲಿಯು, ಶೀಶೆಯು ಪರಳಿನ ಪ್ರಯೋಗಾಲಯದಲ್ಲಿಯೇ ಮಲಿನವಾಗಿರಬೇಕೆಂದು ಊಹಿಸಿತು. ಹಾಫ್‌ಕಿನನು ಲಸಿಕೆಯನ್ನು ಬೇಗ ತಯಾರಿಸುವುದಕ್ಕಾಗಿ ಹೊಸ ಕ್ರಮವನ್ನು ಹಿಡಿದು ಕಾರ್ಬಾಲಿಕ್ ಆಮ್ಲವನ್ನು ಬಿಟ್ಟುದೇ ಇದಕ್ಕೆ ಎಡೆಯಾಯಿತೆಂದು ಹೇಳಿತು. ಅವನನ್ನು ಅಧಿಕಾರದಿಂದ ತೆಗೆದರು. ವರದಿಯು ಪ್ರಕಟವಾಗಲು ನಾಲ್ಕು ವರ್ಷಗಳು ಹಿಡಿದುವು.

ಆದರೆ ಹಳ್ಳಿಯಲ್ಲಿ ಆ ಶೀಶೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕುಳವು ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಸರಿಯಾಗಿ ಶುದ್ಧಿಮಾಡದೆ ಅದರಿಂದಲೇ ಬಿರಡೆಯನ್ನು ತೆಗೆದಿದ್ದನು. ಧನುರ್ವಾಯುವಿನ ಕ್ರಿಮಿಯು ಮಣ್ಣಿನಲ್ಲಿರುವುದೆಂಬುದು ಪ್ರಸಿದ್ಧ. ಶೀಶೆಯೊಳಗೆ ಆ ಕ್ರಿಮಿಯು ವಾರಗಟ್ಟಲೆ ಬೆಳೆದಿದ್ದ ಪಕ್ಷದಲ್ಲಿ ತೆರೆದೊಡನೆ ದುರ್ಗಂಧವು ಹೊಡೆಯಬೇಕಾಗಿತ್ತು. ಅಂಥ ವಾಸನೆಯೇನೂ ಇರಲಿಲ್ಲವೆಂದು ಸ್ಥಳದಲ್ಲಿದ್ದ ವೈದ್ಯನು ಹೇಳಿದ್ದನು. ಮಲೇರಿಯಾದ ಸಂಶೋಧಕನಾದ ರೊನಾಲ್ಡ್ ರಾಸ್ ಮೊದಲಾದವರು ಈ ಸಾಕ್ಷ್ಯಗಳನ್ನು ಎತ್ತಿಹಿಡಿದರು. ೧೯೦೭ ರ ಜುಲೈ ೨೯ ರಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಹತ್ತು ಮಂದಿ ವಿಜ್ಞಾನಿಗಳು ಸಹಿಮಾಡಿದ ಪತ್ರವು ಪ್ರಕಟವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಹಾಫ್‌ಕಿನನು ದೋಷಮುಕ್ತನಾಗಿ, ಕೆಲಸಕ್ಕೆ ಮತ್ತೆ ಕರೆಯಲ್ಪಟ್ಟು ಕಲ್ಕತ್ತೆಗೆ ಬಂದನು. ಆದರೆ ಮುಂಬಯಿಯ ತನ್ನ ಪ್ರಯೋಗಾಲಯದ ಆಡಳಿತವು ಅವನಿಗೆ ಹಿಂದಿರುಗಿ ಬರಲಿಲ್ಲ. ೧೯೨೫ ರಲ್ಲಿ ಆ ಸಂಸ್ಥೆಗೆ ಅವನ ಹೆಸರನ್ನಿಟ್ಟು ಗೌರವಿಸಲಾಯಿತು. ೧೯೩೦ ರಲ್ಲಿ ಅವನು ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ತೀರಿಕೊಂಡನು.

ಒಬ್ಬ ವಿಜ್ಞಾನಿಗೆ ಆದ ಅನ್ಯಾಯವೆಂದು ಮಾತ್ರ ಇದನ್ನು ಎಣಿಸುವುದುಂಟು. ಇದರಿಂದ ಸಾರ್ವಜನಿಕರಿಗೆ ಆದ ನಷ್ಟವು ಅದಕ್ಕಿಂತ ದೊಡ್ಡದು. ಒಂದು ಇಕ್ಕುಳವು ನೆಲಕ್ಕೆ ಬಿದ್ದಿತು, ಒಂದು ಶೀಶೆಯು ಕೆಟ್ಟಿತು, ಮದ್ದು ಕೆಟ್ಟದ್ದಲ್ಲ 
ಎಂದು ಮೊದಲನೆಯ ತಿಂಗಳಲ್ಲಿಯೇ ಹೇಳಿದ್ದರೆ ಹಳ್ಳಿಯ ಜನರಿಗೆ ಅದು ಅರ್ಥವಾಗದಿರುವಷ್ಟು ಕಠಿನವಾದ ವಿಷಯವಲ್ಲ. ಐದು ವರ್ಷಗಳ ಮೌನದಲ್ಲಿ ಆ ಮಾತಿಗೆ ಬದಲಾಗಿ ಬೇರೆ ಮಾತುಗಳು ಬೇರೂರಿದುವು. ಆ ಐದು ವರ್ಷಗಳಲ್ಲಿಯೇ ಪಂಜಾಬು ಪ್ಲೇಗಿನಿಂದ ಅತ್ಯಂತ ಘೋರವಾದ ಮರಣಗಳನ್ನು ಕಂಡಿತು.

೯

ಈ ಸಂಗತಿಗಳನ್ನೆಲ್ಲ ಪರ್ಯಾಲೋಚಿಸಿದರೆ ಕೆಲವು ನಿರ್ಣಯಗಳಿಗೆ ಬರಬಹುದು. ವದಂತಿಯನ್ನು ಹುಟ್ಟಿಸಿದುದು ಕೇವಲ ಅಜ್ಞಾನವಲ್ಲ. ಮುಚ್ಚಿದ ಬಾಗಿಲು, ಮುಟ್ಟಬಾರದಂತೆ ಮುಟ್ಟಿದ ಕೈ, ಹೇಳದೆ ಬಿಟ್ಟ ಮಾತು ಇವು ಅದಕ್ಕೆ ಗೊಬ್ಬರವಾದುವು. ಶಿಕ್ಷೆಯಿಂದಲೂ ಸಿಪಾಯಿಯಿಂದಲೂ ಅದು ಅಡಗಲಿಲ್ಲ. ಅದು ಅಡಗಿದ ಕಡೆಗಳಲ್ಲೆಲ್ಲ ನಾಲ್ಕು ಕಾರಣಗಳು ಕಾಣುತ್ತವೆ: ಹೇಳುವವನು ತಾನು ಹೇಳಿದುದನ್ನು ಮೊದಲು ತನ್ನ ಮೈಮೇಲೆ ಮಾಡಿ ತೋರಿಸಿದುದು, ಜನರು ಹಿಂದಿನಿಂದಲೂ ನಂಬಿ ನಡೆದ ಮನುಷ್ಯರ ಬಾಯಿಂದ ಆ ಮಾತು ಬಂದುದು, ಬಲಾತ್ಕಾರವನ್ನು ಬಿಟ್ಟುದು, ಮದ್ದಿನಿಂದ ಆಗುವುದನ್ನೂ ಆಗದಿರುವುದನ್ನೂ ಇದ್ದಂತೆ ಹೇಳಿದುದು. ಐದನೆಯದಾದ ಒಂದು ಕಾರಣವು ಇರಬೇಕಾಗಿದ್ದ ಕಡೆಯಲ್ಲಿ ಇಲ್ಲದೆ ಹೋಯಿತು. ತಪ್ಪು ನಡೆದಾಗ ಅದನ್ನು ಕೂಡಲೇ ಒಪ್ಪಿ ವಿವರಿಸುವ ಧೈರ್ಯವೇ ಅದು. ಮುಲ್ಕೋವಾಲದಲ್ಲಿ ಅದರ ಬೆಲೆಯನ್ನು ತೆತ್ತವರು ಅಧಿಕಾರಿಗಳಲ್ಲ.

ಪ್ಲೇಗಿಗೆ ಈಗ ಸಮರ್ಥವಾದ ಔಷಧಗಳಿವೆ. ಚಿಗಟದ ರಹಸ್ಯವೂ ಶಾಲೆಯ ಪಾಠವಾಗಿದೆ. ಆದರೆ ರೋಗದ ಹೆಸರು ಬದಲಾದರೂ ಜನರ ಭಯವೂ ಆ ಭಯದಿಂದ ಹುಟ್ಟುವ ಮಾತುಗಳೂ ಹಳೆಯ ಜಾಡಿನಲ್ಲಿಯೇ ನಡೆಯುವುವೆಂಬುದು ೨೦೨೦ ರ ಸಾಂಕ್ರಾಮಿಕದಲ್ಲಿಯೂ ಅದಕ್ಕೆ ಲಸಿಕೆ ಬಂದ ಕಾಲದಲ್ಲಿಯೂ ಮತ್ತೊಮ್ಮೆ ವಿದಿತವಾಯಿತು. ಲಸಿಕೆಯಿಂದ ಸಂತಾನವು ನಿಲ್ಲುವುದೆಂಬ ಸುಳ್ಳು ನೂರಿಪ್ಪತ್ತು ವರ್ಷಗಳ ಮೇಲೆ ಅದೇ ಮಾತುಗಳಲ್ಲಿ ಮರಳಿ ಬಂದಿತು. ಹುಬ್ಬಳ್ಳಿಯ ಬೀದಿಗಳಲ್ಲಿ ೧೮೯೮ ರಲ್ಲಿ ಆ ಸುಳ್ಳಿಗೆ ಉತ್ತರವಾದುದು ಸರ್ಕಾರದ ಪ್ರಕಟನೆಗಿಂತ ಹೆಚ್ಚಾಗಿ, ಚುಚ್ಚಿಸಿಕೊಂಡು ಮರುವಾರ ಎಂದಿನಂತೆ ಅಂಗಡಿಯನ್ನು ತೆರೆದ ನೆರೆಯವನು.